ಬ್ರೂಸ್ ಲೀಯ ಹೆಜ್ಜೆಗಳು: ಒಂಬತ್ತನೆಯ ತರಗತಿಗೆ ಎರಡು ಸಲ ಹೇಳಿದ ಜೀವನಕಥೆ

ಅಭ್ಯಾಸ ಬೋಧನೆಗೆ ನನಗೆ ಹಂಚಿಕೆಯಾದ ಊರು ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ. ಒಂಬತ್ತನೆಯ ತರಗತಿಗೆ ಬಲ ಮತ್ತು ಚಲನೆಯ ನಿಯಮಗಳ ಘಟಕ ತೆಗೆದುಕೊಂಡಿದ್ದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಪೀಠಿಕೆ ಹುಡುಕುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬನ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬ್ರೂಸ್ ಲೀ ಕಾಣಿಸಿದ. ಅವನನ್ನೇ ಪೀಠಿಕೆ ಮಾಡಿಕೊಂಡೆ. 1964ರಲ್ಲಿ ಅಮೆರಿಕದ ಲಾಂಗ್ ಬೀಚ್ ಕರಾಟೆ ಪಂದ್ಯಾವಳಿಯಲ್ಲಿ ಆತ ತೋರಿಸಿದ ಒಂದು ಇಂಚಿನ ಗುದ್ದನ್ನು ವಿವರಿಸಿ, ಅಷ್ಟು ಕಡಿಮೆ ದೂರದಲ್ಲಿ ಮುಷ್ಟಿಗೆ ಬಲ ಎಲ್ಲಿಂದ ಬಂತು ಎಂದು ಕೇಳಿದೆ. ಹಿಂಗಾಲು ನೆಲವನ್ನು ಒತ್ತಿತು, ನೆಲ ತಿರುಗಿ ಅವನನ್ನು ಒತ್ತಿತು ಎನ್ನುವಲ್ಲಿಗೆ ಮಕ್ಕಳೇ ಬಂದು ನಿಂತರು. ಪಾಠ ಚೆನ್ನಾಗಿ ಹೋಯಿತು. ಉಳಿದ ಹತ್ತು ನಿಮಿಷದಲ್ಲಿ ಮಕ್ಕಳ ಒತ್ತಾಯಕ್ಕೆ ಅವನ ಕಥೆಯನ್ನೂ ಹೇಳಿಬಿಟ್ಟೆ. ಹಾಂಗ್‌ಕಾಂಗಿನ ಬೀದಿ ಜಗಳ, ಹಾರಿ ಒದೆಯುವ ಒದೆತ, ನುಂಚಾಕು, 32ನೆಯ ವಯಸ್ಸಿಗೇ ಸಾವು.

ಅಂದು ಸಂಜೆ ಅದೇ ಹುಡುಗ ಗುಡ್ಡದ ಮೆಟ್ಟಿಲ ಮೇಲಿಂದ ಹಾರಿ ಒದೆಯಲು ಹೋಗಿ ಕಾಲು ಉಳುಕಿಸಿಕೊಂಡ. ಹತ್ತು ದಿನ ಕುಂಟಿದ. ಮನೆಯವರು ಬಂದು ಜಗಳವಾಡಲಿಲ್ಲ. ಅವನ ತಾಯಿ ಬಂದು, ಕಿರುಪರೀಕ್ಷೆಗೆ ಕೂರಬಹುದೇ ಎಂದಷ್ಟೇ ಕೇಳಿ ಹೋದರು. ಜಗಳವಾಡಿದ್ದರೂ ನನಗೆ ಅಷ್ಟು ನಾಟುತ್ತಿರಲಿಲ್ಲ. ತಪ್ಪು ನನ್ನದೇ. ಆ ಮನುಷ್ಯ ಒದೆಯುವ ಮೊದಲು ಎಷ್ಟು ವರ್ಷ ಸುಮ್ಮನೆ ನಿಂತಿದ್ದ, ಎಷ್ಟು ವರ್ಷ ಹೆಜ್ಜೆ ಇಡುವುದನ್ನು ಕಲಿತಿದ್ದ ಎಂಬುದನ್ನು ನಾನು ಹೇಳಿರಲಿಲ್ಲ. ಮುಂದಿನ ವಾರ ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು, ಎರಡು ಅವಧಿಗಳಲ್ಲಿ ಅದೇ ಜೀವನವನ್ನು ಮತ್ತೆ ಹೇಳಿದೆ. ಈ ಸಲ ಕಾಲಿನ ಕಡೆಯಿಂದ. ಇಲ್ಲಿ ಬರೆಯುತ್ತಿರುವುದು ಆ ಎರಡನೆಯ ಸಲದ ಕಥೆ.

ಇದರಲ್ಲಿ ನನ್ನದೂ ಒಂದು ಹಳೆಯ ಬಾಕಿ ಇದೆ. ಬಿ.ಎಸ್ಸಿ. ಓದುವಾಗ ಕುಂಗ್‌ಫು ತರಗತಿಗೆ ಹೋಗುತ್ತಿದ್ದೆ. ಕುಂಗ್‌ಫುವಿನಲ್ಲಿ ಫಾರ್ಮ್ ಎಂದರೆ ಒಂದು ಗೊತ್ತಾದ ಕ್ರಮದಲ್ಲಿ ಜೋಡಿಸಿದ ಚಲನೆಗಳ ಸರಣಿ, ನಮ್ಮ ಮಗ್ಗಿಯ ಹಾಗೆ. ಎದುರಾಳಿ ಇರುವುದಿಲ್ಲ, ಒಬ್ಬರೇ ಮೊದಲಿನಿಂದ ಕೊನೆಯವರೆಗೆ ಮಾಡಬೇಕು. ಮೊದಲ ಫಾರ್ಮ್ ನನಗೆ ಮೂರು ತಿಂಗಳಲ್ಲಿ ಬಂತು. ಎರಡನೆಯದರಲ್ಲಿ ಕಾಲು ಚಲಿಸತೊಡಗಿತು. ಕಾಲು ನೋಡಿಕೊಂಡರೆ ಕೈ ಮರೆಯುತ್ತಿತ್ತು, ಕೈ ನೋಡಿಕೊಂಡರೆ ಕಾಲು ಮರೆಯುತ್ತಿತ್ತು. ಮಧ್ಯಮ ಹಂತ ಎಂದು ಕರೆಯುವ ಆ ಜಾಗದಲ್ಲೇ ಬಿಟ್ಟುಬಂದೆ. ಹೆಣ್ಣುಮಗಳಿಗೆ ಇದೆಲ್ಲ ಏಕೆ ಎಂದು ಮೊದಲೇ ಗೊಣಗುತ್ತಿದ್ದ ಮನೆಯವರಿಗೆ ಪರೀಕ್ಷೆಯ ನೆಪ ಹೇಳಿದ್ದೆ.

ಬ್ರೂಸ್ ಲೀ ಹುಟ್ಟಿದ್ದು 1940ರ ನವೆಂಬರ್ 27ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ತಂದೆ ಲೀ ಹೊಯ್ ಚುಯೆನ್ ಕ್ಯಾಂಟನೀಸ್ ಸಂಗೀತ ನಾಟಕದ ನಟರು. ನಾಟಕ ಕಂಪನಿಯ ಪ್ರವಾಸದಲ್ಲಿದ್ದಾಗ ಮಗು ಹುಟ್ಟಿತು. ದೊಡ್ಡಾಟ ನೋಡಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಆ ನಾಟಕವನ್ನು ಅರ್ಥ ಮಾಡಿಸುವುದು ಕಷ್ಟವಾಗಲಿಲ್ಲ. ಅಲ್ಲಿಯೂ ಹಾಡು, ಮುಖವರ್ಣಿಕೆ, ಗೊತ್ತಾದ ಹೆಜ್ಜೆ. ನಟ ರಂಗವನ್ನು ಒಂದು ಸುತ್ತು ಹಾಕಿದರೆ ದೂರದ ಊರಿಗೆ ಪ್ರಯಾಣ ಮಾಡಿದ ಎಂದು ತಿಳಿಯಬೇಕು. 1941ರಲ್ಲಿ ಕುಟುಂಬ ಹಾಂಗ್‌ಕಾಂಗಿಗೆ ಮರಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಪಾನ್ ಸೈನ್ಯ ನಗರವನ್ನು ಹಿಡಿಯಿತು, 1945ರವರೆಗೂ ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಹುಡುಗ ಬಾಲನಟನಾದ. 18 ತುಂಬುವ ಹೊತ್ತಿಗೆ ಸುಮಾರು 20 ಸಿನಿಮಾಗಳಲ್ಲಿ ಕಾಣಿಸಿಕೊಂಡಿದ್ದ. ಓದಿನಲ್ಲಿ ಹಿಂದೆ, ಜಗಳದಲ್ಲಿ ಮುಂದೆ. ಒಂದು ಶಾಲೆಯಿಂದ ಹೊರಹಾಕಿಸಿಕೊಂಡು ಇನ್ನೊಂದಕ್ಕೆ ಸೇರಿದವನು. ಕಣ್ಣಿನ ದೃಷ್ಟಿಯೂ ಬಹಳ ಮಂದ, ದಪ್ಪ ಗಾಜಿನ ಕನ್ನಡಕ ಬೇಕಾಗಿತ್ತು.

ಹದಿಹರೆಯದಲ್ಲಿ ಆತ ಇಪ್ ಮ್ಯಾನ್ ಎಂಬ ಗುರುಗಳ ಬಳಿ ವಿಂಗ್ ಚುನ್ ಎಂಬ ಶೈಲಿಯ ಕುಂಗ್‌ಫು ಕಲಿಯಲು ಸೇರಿದ. ವಿಂಗ್ ಚುನ್‌ನಲ್ಲಿ ಬರಿಗೈ ಫಾರ್ಮ್‌ಗಳು ಮೂರೇ. ಮೊದಲನೆಯದು ಸಿಯು ನಿಮ್ ತಾವೊ. ಅದರ ವಿಶೇಷವೆಂದರೆ ಮೊದಲಿಗೆ ಒಮ್ಮೆ ಕಾಲೂರಿ ನಿಂತರೆ ಕೊನೆಯವರೆಗೂ ಪಾದ ಕದಲುವುದಿಲ್ಲ. ಪಾದದ ತುದಿ ಒಳಗೆ, ಮಂಡಿ ಒಳಗೆ, ಸೊಂಟ ನೇರ. ಚಲಿಸುವುದು ಕೈ ಮಾತ್ರ. ಈ ನಿಲುವಿಗೆ ಚೀನೀ ಭಾಷೆಯಲ್ಲಿರುವ ಹೆಸರಿನಲ್ಲಿ ಆಡನ್ನು ಮಂಡಿಗಳ ನಡುವೆ ಅದುಮಿ ಹಿಡಿಯುವುದು ಎಂಬ ಅರ್ಥವಿದೆ. ಇದನ್ನು ಹೇಳಿದ್ದೇ ತಡ, ತರಗತಿಯ ಅರ್ಧ ಮಕ್ಕಳು ಎದ್ದು ನಿಂತರು. ಕುರಿಗೆ ಔಷಧ ಕುಡಿಸುವಾಗ, ಉಣ್ಣೆ ಕತ್ತರಿಸುವಾಗ ಅವರ ಮನೆಗಳಲ್ಲಿ ಹಾಗೆಯೇ ಹಿಡಿಯುತ್ತಾರೆ. ನಾನು ಚಿತ್ರ ಬಿಡಿಸಿ ತಂದಿದ್ದ ಚಾರ್ಟು ಮೇಜಿನ ಮೇಲೆಯೇ ಉಳಿಯಿತು. ಒಬ್ಬ ಹುಡುಗ ಗೆಳೆಯನನ್ನೇ ಕುರಿ ಮಾಡಿ ಹಿಡಿದು ತೋರಿಸಿದ, ನನಗಿಂತ ಚೆನ್ನಾಗಿ. ಆ ಕುರಿ ಎಷ್ಟು ಒದ್ದಾಡಿದರೂ ಹಿಡಿದವನು ಬೀಳಲಿಲ್ಲ. ಗುರುತ್ವ ಕೇಂದ್ರದಿಂದ ಇಳಿದ ಲಂಬರೇಖೆ ಎರಡು ಪಾದಗಳ ನಡುವಿನ ಆಧಾರದೊಳಗೇ ಇರುತ್ತದೆ ಎಂಬ ಮಾತನ್ನು ಆಗ ಕಪ್ಪುಹಲಗೆಯ ಮೇಲೆ ಬರೆದೆ. ದಸರೆಯಲ್ಲಿ ಮಾಲತೇಶನ ಸನ್ನಿಧಿಯಲ್ಲಿ ಗೊರವಪ್ಪ ಬಿಲ್ಲನ್ನೇರಿ ಕಾರ್ಣಿಕ ನುಡಿಯುವುದನ್ನು ಈ ಮಕ್ಕಳು ವರ್ಷವೂ ನೋಡುತ್ತಾರೆ. ಜನವೆಲ್ಲ ಅವರ ಬಾಯಿ ನೋಡುತ್ತಿರುತ್ತದೆ; ಬಿಲ್ಲಿನ ಮೇಲೆ ಅವರ ಪಾದ ಹೇಗಿರುತ್ತದೆ ಎಂಬುದನ್ನು ಒಬ್ಬ ಹುಡುಗಿ ಬೆಂಚಿನ ಅಂಚಿನ ಮೇಲೆ ನಿಂತು ತೋರಿಸಿದಳು.

ಎರಡನೆಯ ಫಾರ್ಮ್ ಚಮ್ ಕಿಯು. ಸೇತುವೆಯನ್ನು ಹುಡುಕುವುದು ಎಂದು ಅದರ ಅರ್ಥ. ಎದುರಾಳಿಗೂ ನಮಗೂ ನಡುವಿನ ಅಂತರವನ್ನು ದಾಟುವ ವಿದ್ಯೆ ಅದು. ಇಲ್ಲಿ ಮೊದಲ ಸಲ ದೇಹ ತಿರುಗುತ್ತದೆ, ಕಾಲು ಹೆಜ್ಜೆ ಇಡುತ್ತದೆ, ಒದೆತ ಬರುತ್ತದೆ. ಅಂದರೆ ಒದೆತ ಮೊದಲ ಪಾಠದಲ್ಲಿಲ್ಲ. ಇದನ್ನು ಹೇಳುವಾಗ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಹುಡುಗನ ಕಡೆ ನೋಡಬಾರದು ಎಂದುಕೊಂಡಿದ್ದೆ, ನೋಡಿಯೇಬಿಟ್ಟೆ. ಮೂರನೆಯದು ಬಿಯು ಜೀ. ಅದರ ಆಚೆಗೆ ಮರದ ಗೊಂಬೆಯೊಂದಿಗೆ ಮಾಡುವ ಅಭ್ಯಾಸ, ಕೋಲು, ಕತ್ತಿಗಳು. ಗುರುಗಳ ಕೈಕೆಳಗಿನ ಹಿರಿಯ ಶಿಷ್ಯರು, ಮುಖ್ಯವಾಗಿ ವಾಂಗ್ ಶುನ್ ಲಿಯುಂಗ್, ಈತನನ್ನು ತಿದ್ದಿದರು. ಹಾಂಗ್‌ಕಾಂಗ್ ಬಿಡುವಾಗ ಲೀ ವಿಂಗ್ ಚುನ್ ಪೂರ್ತಿ ಕಲಿತಿರಲಿಲ್ಲ. ಲೋಕಪ್ರಸಿದ್ಧನಾದ ಈ ಮನುಷ್ಯ ತನ್ನ ಮೂಲ ವಿದ್ಯೆಯಲ್ಲಿ ಮಧ್ಯಮ ಹಂತ ದಾಟಿ ಸ್ವಲ್ಪ ಮುಂದೆ ಹೋಗಿದ್ದನಷ್ಟೇ ಎಂಬುದು ನನಗೆ ಈ ಜೀವನ ಓದುವಾಗ ಸಿಕ್ಕ ದೊಡ್ಡ ಸಂಗತಿ.

ಕಾಲಿಗೆ ಇನ್ನೊಂದು ಶಾಲೆ ಇತ್ತು. ಕ್ಯೂಬಾ ಮೂಲದ ಚಾ-ಚಾ ಎಂಬ ನೃತ್ಯ ಆಗ ಹಾಂಗ್‌ಕಾಂಗಿನ ಯುವಕರ ಹುಚ್ಚು. ಲೀ 108 ಬಗೆಯ ಹೆಜ್ಜೆಗಳ ಪಟ್ಟಿ ಬರೆದಿಟ್ಟುಕೊಂಡಿದ್ದ ಎಂದು ಮನೆಯವರು ನೆನೆಯುತ್ತಾರೆ. 1958ರಲ್ಲಿ ಪುಟ್ಟ ತಮ್ಮ ರಾಬರ್ಟ್‌ನನ್ನೇ ಜೊತೆಗಾರನನ್ನಾಗಿ ಮಾಡಿಕೊಂಡು ನಗರದ ಚಾ-ಚಾ ಸ್ಪರ್ಧೆ ಗೆದ್ದ. ಅದೇ ವರ್ಷ ಅಂತರಶಾಲಾ ಬಾಕ್ಸಿಂಗ್ ಪಂದ್ಯವನ್ನೂ ಗೆದ್ದ. ಬಾಕ್ಸಿಂಗ್ ಪದಕದ ಸುದ್ದಿಗೆ ಚಪ್ಪಾಳೆ ಹೊಡೆದ ಹುಡುಗರು ನೃತ್ಯದ ಸುದ್ದಿಗೆ ನಕ್ಕರು. ಗೊರವರ ಮನೆತನದ ಹುಡುಗನೊಬ್ಬ ಮಾತ್ರ ನಗಲಿಲ್ಲ. ಡಮರು ಬಾರಿಸುತ್ತ ಕುಣಿಯುವ ತನ್ನ ಅಜ್ಜನಿಗೆ ಈ ವಯಸ್ಸಿನಲ್ಲೂ ಕಾಲು ತಪ್ಪುವುದಿಲ್ಲ ಎಂದು ಹೇಳಿ ಕುಳಿತ. ಆಮೇಲೆ ಯಾರೂ ನಗಲಿಲ್ಲ.

ಹಾಂಗ್‌ಕಾಂಗ್ ಬಿಡುವ ಮೊದಲಿನ ದಿನಗಳ ಒಂದು ವಿನಿಮಯ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ರುಚಿಸುವಂಥದ್ದು. ಶಿಯು ಹೊನ್ ಸಾಂಗ್ ಎಂಬ ಹಿರಿಯರಿಗೆ ಉತ್ತರ ಚೀನಾದ ಶೈಲಿಯ ಫಾರ್ಮ್‌ಗಳು ಗೊತ್ತಿದ್ದವು. ಉದ್ದುದ್ದ ಹೆಜ್ಜೆ, ಜಿಗಿತ, ಎತ್ತರದ ಒದೆತಗಳ ಆ ಶೈಲಿ, ನಿಂತಲ್ಲೇ ಹೋರಾಡುವ ವಿಂಗ್ ಚುನ್‌ಗೆ ಪೂರ್ತಿ ವಿರುದ್ಧ. ಅವರು ಇವನಿಗೆ ಫಾರ್ಮ್ ಕಲಿಸುವುದು, ಇವನು ಅವರಿಗೆ ಚಾ-ಚಾ ಕಲಿಸುವುದು ಎಂದು ಒಪ್ಪಂದವಾಯಿತು. ಗುರುಗಳು ವಾರಗಟ್ಟಲೆ ಹಿಡಿಯುತ್ತದೆ ಎಂದುಕೊಂಡಿದ್ದ ಫಾರ್ಮನ್ನು ಲೀ ಕೆಲವೇ ದಿನದಲ್ಲಿ ಕಲಿತನಂತೆ. ಗುರುಗಳಿಗೆ ಮಾತ್ರ ಚಾ-ಚಾದ ಮೊದಲ ಹೆಜ್ಜೆಗಳೇ ಕೊನೆಗೂ ಬರಲಿಲ್ಲವಂತೆ. ಮುಂದೆ ಫಾರ್ಮ್‌ಗಳನ್ನು ಟೀಕಿಸಿದವನೆಂದು ಹೆಸರಾದ ವ್ಯಕ್ತಿ 18ನೆಯ ವಯಸ್ಸಿನಲ್ಲಿ ಅವುಗಳನ್ನು ಹುಡುಕಿಕೊಂಡು ಹೋಗಿ ಕಲಿತಿದ್ದ. ಮೊಬೈಲಿನ ಸ್ಟೇಟಸ್ಸುಗಳಲ್ಲಿ ಓಡಾಡುವ ಅವನ ಹೇಳಿಕೆಗಳಲ್ಲಿ ಈ ಭಾಗ ಬರುವುದಿಲ್ಲ.

1959ರ ಏಪ್ರಿಲ್ ಕೊನೆಯಲ್ಲಿ, ಜೇಬಿನಲ್ಲಿ 100 ಡಾಲರ್ ಇಟ್ಟುಕೊಂಡು ಹಡಗು ಹತ್ತಿದ. ಸಿಯಾಟಲ್‌ನಲ್ಲಿ ಚೀನೀ ಹೋಟೆಲೊಂದರಲ್ಲಿ ಕೆಲಸ ಮಾಡುತ್ತ ಶಾಲೆ ಮುಗಿಸಿ, 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ. ಅಷ್ಟರಲ್ಲೇ ಆತ ಶಿಕ್ಷಕನಾಗಿದ್ದ. ಮೊದಲ ಶಿಷ್ಯ ಜೆಸ್ಸಿ ಗ್ಲೋವರ್ ಕಪ್ಪು ಜನಾಂಗದವನು, ಜೂಡೊ ಬಲ್ಲವನು. ಇನ್ನೊಬ್ಬ ಶಿಷ್ಯ ತಾಕಿ ಕಿಮುರಾ ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರದ ಬಂಧನ ಶಿಬಿರದಲ್ಲಿದ್ದು ಬಂದ ಜಪಾನೀ ಮೂಲದವನು. ಕಟ್ಟಡವಿರಲಿಲ್ಲ, ಹಿತ್ತಿಲು, ವಾಹನ ನಿಲ್ಲಿಸುವ ಜಾಗ, ಎಲ್ಲೆಂದರಲ್ಲಿ ಪಾಠ. 1963ರಲ್ಲಿ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದ. 1964ರಲ್ಲಿ ಲಿಂಡಾ ಎಮೆರಿಯನ್ನು ಮದುವೆಯಾಗಿ, ಪದವಿ ಅರ್ಧಕ್ಕೆ ಬಿಟ್ಟು ಓಕ್‌ಲ್ಯಾಂಡಿಗೆ ಹೋಗಿ ಜೇಮ್ಸ್ ಯಿಮ್ ಲೀಯೊಂದಿಗೆ ಶಾಲೆ ನಡೆಸಿದ.

ಅಲ್ಲಿ ಆ ವರ್ಷದ ಕೊನೆಯಲ್ಲಿ ನಡೆದದ್ದನ್ನು ಮಕ್ಕಳಿಗೆ ನಿಧಾನವಾಗಿ ಹೇಳಿದೆ. ವಾಂಗ್ ಜ್ಯಾಕ್ ಮ್ಯಾನ್ ಎಂಬ, ಉತ್ತರದ ಶೈಲಿ ಬಲ್ಲ ಯುವಕನೊಂದಿಗೆ ಬಾಗಿಲು ಹಾಕಿಕೊಂಡು ಒಂದು ಹೋರಾಟವಾಯಿತು. ಏಕಾಯಿತು, ಎಷ್ಟು ಹೊತ್ತು ನಡೆಯಿತು ಎಂಬುದರಲ್ಲಿ ಎರಡು ಕಡೆಯವರ ಮಾತಿಗೆ ತಾಳೆಯಿಲ್ಲ. ಒಬ್ಬರು ಮೂರು ನಿಮಿಷ ಎನ್ನುತ್ತಾರೆ, ಇನ್ನೊಬ್ಬರು ಇಪ್ಪತ್ತಕ್ಕೂ ಹೆಚ್ಚು. ಎರಡನ್ನೂ ತರಗತಿಯಲ್ಲಿ ಹೇಳಿದೆ. ಇತಿಹಾಸದಲ್ಲಿ ಹೀಗೂ ಇರುತ್ತದೆ ಎಂದು ಮಕ್ಕಳಿಗೆ ಗೊತ್ತಾಗಲಿ. ಲಿಂಡಾ ಹೇಳುವ ಪ್ರಕಾರ ಗೆದ್ದದ್ದು ಲೀ. ಆದರೆ ಗೆದ್ದವನು ಸಂತೋಷವಾಗಿರಲಿಲ್ಲ. ಎದುರಾಳಿ ಹಿಂದಕ್ಕೆ ಸರಿಯುತ್ತ ಓಡಿದಾಗ ಇವನು ಅಟ್ಟಿಸಿಕೊಂಡು ಹೋಗಬೇಕಾಯಿತು. ಕೈಯಳತೆಯಲ್ಲಿ ನಿಂತು ಹೋರಾಡಲು ಕಲಿತ ದೇಹಕ್ಕೆ ಅಂತರ ಮುಚ್ಚುವುದು ಬರಲಿಲ್ಲ, ಉಸಿರು ಕಟ್ಟಿತು. ಕೈ ಸಿದ್ಧವಿತ್ತು, ಕಾಲು ಸಿದ್ಧವಿರಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸೂಕ್ಷ್ಮ ಬೋಧನೆ. ಪೀಠಿಕಾ ಕೌಶಲ, ಪ್ರಶ್ನಿಸುವ ಕೌಶಲ, ಪುನರ್ಬಲನ ಕೌಶಲ, ಕಪ್ಪುಹಲಗೆ ಕೌಶಲ, ಒಂದೊಂದನ್ನೂ ಆರು ನಿಮಿಷ ಸಹಪಾಠಿಗಳ ಮುಂದೆ ಮಾಡಿ ಒಳ್ಳೆಯ ಅಂಕ ಪಡೆದಿದ್ದೆ. ಸಹಪಾಠಿಗಳು ಓಡಿಹೋಗುವ ಎದುರಾಳಿಗಳಲ್ಲ. ನಾವು ಬಯಸಿದ ಉತ್ತರವನ್ನು ಬಯಸಿದ ಕ್ಷಣಕ್ಕೆ ಕೊಡುತ್ತಾರೆ. ದೇವರಗುಡ್ಡದ ಮೊದಲ ವಾರದ ಪಾಠಗಳಲ್ಲಿ ನಾನು ಮೇಜು ಮತ್ತು ಹಲಗೆಯ ನಡುವಿನ ಮೂರು ಅಡಿ ಬಿಟ್ಟು ಕದಲಲಿಲ್ಲ ಎಂದು ವೀಕ್ಷಣಾ ಹಾಳೆಯಲ್ಲಿ ಎರಡು ಸಲ ದಾಖಲಾಗಿದೆ. ಹಿಂದಿನ ಬೆಂಚು ಎಷ್ಟು ದೂರ ಸರಿದಿತ್ತು ಎಂಬುದು ಕಾಲು ಉಳುಕಿದ ಮೇಲೆ ನನಗೆ ತಿಳಿಯಿತು.

ಲೀ ಮಾಡಿದ್ದು ಮತ್ತೆ ವಿದ್ಯಾರ್ಥಿಯಾಗುವ ಕೆಲಸ. ಅಣ್ಣ ಪೀಟರ್ ಕತ್ತಿವರಸೆಯ ಕ್ರೀಡೆಯಲ್ಲಿ ಹೆಸರು ಮಾಡಿದವನು. ಆ ಕ್ರೀಡೆಯ ಪುಸ್ತಕಗಳನ್ನು ಲೀ ತರಿಸಿ ಓದಿದ. ಬಾಕ್ಸಿಂಗಿನ ಬೋಧನಾ ಪುಸ್ತಕಗಳನ್ನು ಓದಿ, ಅವುಗಳ ಭಾಗಗಳನ್ನು ತನ್ನ ಟಿಪ್ಪಣಿಗಳಿಗೆ ಇಳಿಸಿಕೊಂಡ. ಮಹಮದ್ ಅಲಿಯ ಪಂದ್ಯಗಳ ಫಿಲ್ಮ್ ತರಿಸಿ ನೋಡಿದ. ಅಲಿ ಎಡಗಾಲು ಮುಂದಿಟ್ಟು ಹೋರಾಡುತ್ತಿದ್ದ, ಲೀಯದು ಬಲಗಾಲು ಮುಂದು. ಆದ್ದರಿಂದ ಚಿತ್ರವನ್ನು ಕನ್ನಡಿಯಲ್ಲಿ ನೋಡಿ ಅನುಕರಿಸುತ್ತಿದ್ದ ಎಂದು ಹೇಳುತ್ತಾರೆ. ಕನ್ನಡಿಯಲ್ಲಿ ಪಾರ್ಶ್ವ ಪಲ್ಲಟವಾಗುವುದನ್ನು ಮಕ್ಕಳು ಹಿಂದಿನ ತರಗತಿಯಲ್ಲೇ ಓದಿದ್ದರು.

ಹೀಗೆ ಬಂದ ಹೊಸ ನಿಲುವಿನಲ್ಲಿ ಬಲಿಷ್ಠವಾದ ಕೈ ಮುಂದೆ, ಹಿಂಗಾಲಿನ ಹಿಮ್ಮಡಿ ನೆಲದಿಂದ ಸ್ವಲ್ಪ ಮೇಲೆ. ಹಿಮ್ಮಡಿ ಎತ್ತಿದರೆ ಆಧಾರ ಕಿರಿದಾಗುತ್ತದೆ, ಸ್ಥಿರತೆ ಕಡಿಮೆಯಾಗುತ್ತದೆ. ಆದರೆ ಮೀನಖಂಡ ಎಳೆದ ಸ್ಪ್ರಿಂಗಿನಂತೆ ಸಿದ್ಧವಾಗಿರುತ್ತದೆ, ನೆಲವನ್ನು ಹಿಂದಕ್ಕೆ ತಳ್ಳಿ ಮುಂದೆ ಜಾರಲು ಕ್ಷಣ ಸಾಕು. ಕುರಿ ಹಿಡಿಯುವ ನಿಲುವಿನಲ್ಲಿ ಒಬ್ಬನನ್ನು, ಈ ನಿಲುವಿನಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ, ಚಪ್ಪಾಳೆ ಕೇಳಿದೊಡನೆ ಗೋಡೆ ಮುಟ್ಟಲು ಹೇಳಿದೆ. ಎರಡನೆಯವನು ಪ್ರತಿ ಸಲ ಗೆದ್ದ. ಬಳಿಕ ಇಬ್ಬರನ್ನೂ ಪಕ್ಕದಿಂದ ಮೆಲ್ಲಗೆ ತಳ್ಳಿಸಿದೆ. ಆಗ ಮೊದಲನೆಯವನು ಗೆದ್ದ. ಯಾವ ನಿಲುವು ಸರಿ ಎಂಬ ವಾದ ಗಂಟೆ ಹೊಡೆದರೂ ಮುಗಿಯಲಿಲ್ಲ. ನಾನೂ ಮುಗಿಸಲಿಲ್ಲ.

1967ರಲ್ಲಿ ಲೀ ತನ್ನ ಪದ್ಧತಿಗೆ ಜೀತ್ ಕುನೆ ದೊ ಎಂದು ಹೆಸರಿಟ್ಟ. ಎದುರಾಳಿಯ ಹೊಡೆತವನ್ನು ದಾರಿಯಲ್ಲೇ ತಡೆಯುವ ಮುಷ್ಟಿಯ ಮಾರ್ಗ ಎಂದು ಅರ್ಥ. ಆ ಕಲ್ಪನೆಯ ಬೇರು ಕತ್ತಿವರಸೆಯ ಕ್ರೀಡೆಯಲ್ಲಿದೆ. ಲಾಸ್ ಏಂಜಲೀಸ್‌ನಲ್ಲಿ ಮೂರನೆಯ ಶಾಲೆ ತೆರೆದ. ಕೆಲವೇ ವರ್ಷಗಳಲ್ಲಿ, 1970ರ ಹೊತ್ತಿಗೆ, ಮೂರೂ ಶಾಲೆಗಳನ್ನು ಮುಚ್ಚಿದ. ಕಲಿಯುವವರು ತನ್ನ ಪದ್ಧತಿಯನ್ನೂ ಇನ್ನೊಂದು ಗೊತ್ತಾದ ಅಚ್ಚು ಮಾಡಿಕೊಳ್ಳುತ್ತಾರೆ ಎಂಬ ಅಳುಕು ಅವನಿಗಿತ್ತು. ಇದನ್ನು ಶಿಕ್ಷಕರು ಹೇಗೆ ತೆಗೆದುಕೊಳ್ಳಬೇಕೋ ನನಗೆ ಇನ್ನೂ ಸ್ಪಷ್ಟವಿಲ್ಲ. ಅಚ್ಚು ಬೇಡ ಎನ್ನುವ ಹಕ್ಕು ಅವನಿಗೆ ಬಂದದ್ದು ಮೂರು ನಾಲ್ಕು ಅಚ್ಚುಗಳಲ್ಲಿ ತಾನು ಬಿದ್ದೆದ್ದ ಮೇಲೆ. ಅವನ ಶಿಷ್ಯರಿಗೆ ಅಷ್ಟು ಕಾಲ ಸಿಗಲಿಲ್ಲ. ಪಾಠಯೋಜನೆಯೇ ಬೇಡ ಎಂದು ನಮ್ಮ ಕೊಠಡಿಯಲ್ಲಿ ವಾದಿಸುವ ಗೆಳತಿಗೆ ನಾನು ಹೇಳುವುದೂ ಇದನ್ನೇ, ಅವಳು ಒಪ್ಪುವುದಿಲ್ಲ.

1970ರ ಆಗಸ್ಟಿನಲ್ಲಿ ಒಂದು ದಿನ, ದೇಹವನ್ನು ಸರಿಯಾಗಿ ಬಿಸಿ ಮಾಡಿಕೊಳ್ಳದೆ ಹೆಗಲ ಮೇಲೆ ಭಾರದ ಕಂಬಿ ಹೊತ್ತು ಬಾಗಿದ. ಬೆನ್ನಿನ ಕೆಳಭಾಗದ ನರಕ್ಕೆ ಪೆಟ್ಟಾಯಿತು. ಇನ್ನು ಒದೆಯಲಾಗದು ಎಂದರು ವೈದ್ಯರು. ತಿಂಗಳುಗಟ್ಟಲೆ ಹಾಸಿಗೆ. ಮಲಗಿದಲ್ಲೇ ಓದಿದ, ಬರೆದ. ಆ ಬರಹಗಳಿಂದಲೂ ಹಳೆಯ ಟಿಪ್ಪಣಿಗಳಿಂದಲೂ ಆಯ್ದ ಪುಸ್ತಕ ಅವನು ಸತ್ತ ಮೇಲೆ, 1975ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾಲ್ಚಲನೆಗೇ ಪುಟಗಟ್ಟಲೆ ಜಾಗವಿದೆ. ಬೆನ್ನುನೋವು ಪೂರ್ತಿ ಬಿಡಲಿಲ್ಲ, ಆದರೂ ಒದೆತ ಮರಳಿತು. ಈ ಭಾಗ ಹೇಳುವಾಗ ಪಟ್ಟಿ ಕಟ್ಟಿದ ಹುಡುಗ ಮುಂದಿನ ಬೆಂಚಿಗೆ ಬಂದು ಕುಳಿತಿದ್ದ. ಹಾಸಿಗೆಯಿಂದ ಎದ್ದ ಮೇಲೆ ಮೊದಲು ಏನು ಮಾಡಿದ ಎಂದು ಕೇಳಿದ. ನಡೆದ ಎಂದೆ.

ಸಿನಿಮಾಗಳ ಬಗ್ಗೆ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತಿತ್ತು. 1971ರಲ್ಲಿ ದಿ ಬಿಗ್ ಬಾಸ್, 1972ರಲ್ಲಿ ಫಿಸ್ಟ್ ಆಫ್ ಫ್ಯೂರಿ, ಅದೇ ವರ್ಷ ತಾನೇ ಬರೆದು ನಿರ್ದೇಶಿಸಿದ ವೇ ಆಫ್ ದಿ ಡ್ರ್ಯಾಗನ್. ಕೊನೆಯದರಲ್ಲಿ, ರೋಮ್ ನಗರದ ಕೊಲೊಸಿಯಮ್ಮಿನಲ್ಲಿ ಚಕ್ ನಾರಿಸ್‌ನೊಂದಿಗೆ ನಡೆಯುವ ಹೋರಾಟವನ್ನು ಮಾತ್ರ ನಾನು ಎತ್ತಿಕೊಂಡೆ. ನಾಯಕ ಮೊದಲು ಸೋಲುತ್ತಾನೆ, ನೆಲಕ್ಕೆ ಬೀಳುತ್ತಾನೆ. ಎದ್ದ ಮೇಲೆ ಅವನ ಗುದ್ದಿಗಿಂತ ಮೊದಲು ಬದಲಾಗುವುದು ಕಾಲು. ಪುಟಿಯತೊಡಗುತ್ತಾನೆ, ಸುತ್ತ ಸುಳಿಯುತ್ತಾನೆ, ಹತ್ತಿರ ಬಂದು ದೂರ ಹೋಗುತ್ತಾನೆ. ಹತ್ತು ಸಲ ನೋಡಿದ್ದ ಹುಡುಗರೂ ಇದನ್ನು ಗಮನಿಸಿರಲಿಲ್ಲ. ಓಕ್‌ಲ್ಯಾಂಡಿನ ಆ ದಿನವನ್ನೇ ಆತ ಪರದೆಯ ಮೇಲೆ ತಿದ್ದಿ ಬರೆದಂತೆ ನನಗೆ ಕಾಣುತ್ತದೆ. ಇದು ನನ್ನ ಊಹೆ.

1973ರ ಮೇ ತಿಂಗಳಲ್ಲಿ ಕೆಲಸದ ನಡುವೆ ಕುಸಿದು ಬಿದ್ದು ಚೇತರಿಸಿಕೊಂಡ. ಜುಲೈ 20ರಂದು ಹಾಂಗ್‌ಕಾಂಗಿನಲ್ಲಿ ಮಿದುಳಿನ ಊತದಿಂದ ಸತ್ತ. ಎಂಟರ್ ದಿ ಡ್ರ್ಯಾಗನ್ ತೆರೆ ಕಂಡದ್ದು ಅದರ ಮುಂದಿನ ತಿಂಗಳು. ಸಮಾಧಿ ಇರುವುದು ಆತ ಮೊದಲು ಕಲಿಸಿದ ಸಿಯಾಟಲ್‌ನಲ್ಲಿ. ಸಾವಿನ ಬಗ್ಗೆ ಮಕ್ಕಳು ಕೇಳಿದ್ದ ವದಂತಿಗಳನ್ನೆಲ್ಲ ಬದಿಗಿಟ್ಟು ಇಷ್ಟನ್ನೇ ಹೇಳಿ ಮುಂದೆ ಹೋದೆ.

ಅಭ್ಯಾಸ ಬೋಧನೆಯ ಕೊನೆಯ ವಾರ, ಊಟದ ಬಿಡುವಿನಲ್ಲಿ ಮೈದಾನದ ಮಣ್ಣಿನ ಮೇಲೆ ಸೀಮೆಸುಣ್ಣದ ಪುಡಿಯಿಂದ ಪಾದದ ಗುರುತುಗಳು ಮೂಡಿದ್ದವು. ಗೊರವರ ಹುಡುಗ ಹೆಜ್ಜೆಗೆ ಬಾಯಲ್ಲೇ ಡಮರು ಹೊಡೆಯುತ್ತಿದ್ದ. ಕಾಲು ವಾಸಿಯಾದ ಹುಡುಗ ಹಿಂಗಾಲಿನಿಂದ ತಳ್ಳಿ ಮುಂಗಾಲನ್ನು ಜಾರಿಸುವ ಹೆಜ್ಜೆಯನ್ನು ಗುರುತಿನ ಮೇಲೆಯೇ ಹಾಕುತ್ತ ಹೋಗಿ, ಹಿಂದಕ್ಕೂ ಬಂದ. ಒದೆತ ಯಾವಾಗ ಕಲಿಸುತ್ತೀರಿ ಎಂದು ಕೇಳಿದ. ನಾನು ಎರಡನೆಯ ಫಾರ್ಮ್‌ನಲ್ಲೇ ಬಿಟ್ಟು ಬಂದವಳು, ನನಗೆ ಬರುವುದೂ ಇಷ್ಟೇ ಎಂದು ನಿಜ ಹೇಳಿದೆ. ಹಾಗಾದರೆ ಇನ್ನೊಂದು ಸಲ ನೋಡಿ ಎಂದು, ಮೊದಲ ಗುರುತಿನ ಮೇಲೆ ಹೋಗಿ ನಿಂತ.